ಭಾವನ ಬಂದೂಕು ನನ್ನ ಅಂಗಡಿಯಲ್ಲಿದೆ

ಚಿಂತಾಮಣಿ
ಗುರುವಾರ, 12-11-1964

ತಂಗಿ ಅಕ್ಕಯ್ಯಮ್ಮನಿಗೆ ನಿನ್ನಣ್ಣನ ಮನಸಾರೆ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಮೊಣಕಾಲು ನೋವು ಇಳಿಯಿತೇ? ನಿನ್ನ ಅತ್ತಿಗೆ ಎಣ್ಣೆ ಕಾಯಿಸಿ ಕಳಿಸಿದ್ದಾಳೆ, ಹಚ್ಚಿಕೋ, ಗೂಡಿನಲ್ಲಿಟ್ಟು ಮರೆಯಬೇಡ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಗಂಟಲೊಂದು ಬಿಟ್ಟು. ನಾಟಕದಲ್ಲಿ ರಾಜಪಾರ್ಟು ಹಾಕಿ ಬೆಳಗಿನ ತನಕ ಆರ್ಭಟಿಸಿದರೂ ಕೆಡದ ಗಂಟಲು, ಮಂಗಳವಾರ ಭಾವನವರ ಮುಂದೆ ಕೂಗಿ ಕಟ್ಟಿಕೊಂಡಿತು. ಅವರು ಮನೆಗೆ ಬಂದು ಏನು ಹೇಳಿದರೋ, ನನ್ನ ಬಾಯಿಂದಲೂ ಕೇಳು.

ಯುಗಾದಿ ಹೊತ್ತಿಗೆ ಅವರ ಬಂದೂಕಿನ ಲೈಸೆನ್ಸು ಮುಗಿದಿತ್ತಲ್ಲ. ಲೈಸೆನ್ಸಿಲ್ಲದ ಬಂದೂಕು ಮನೆಯಲ್ಲಿದ್ದರೆ ಅಪರಾಧವೆಂದು ನಾನೇ ಹೆದರಿಸಿ ನನ್ನ ಬಂದೂಕಿನ ಅಂಗಡಿಯಲ್ಲಿ ಇಡಿಸಿಕೊಂಡೆ. ನಂಬರು, ಹೆಸರು, ತಾರೀಖು ಎಲ್ಲ ರಿಜಿಸ್ಟರಿಗೆ ಏರಿಸಿದೆ. ಇನ್ಸ್‌ಪೆಕ್ಟರು ತನಿಖೆಗೆ ಬಂದಾಗ ಒಂದೊಂದು ಬಂದೂಕನ್ನೂ ಎತ್ತಿ ನೋಡಿ ಸಾಲಿಗೆ ಸಾಲು ತಾಳೆ ಹಾಕುತ್ತಾರೆ. ಒಂದು ಕಡಿಮೆಯಾದರೆ ನನ್ನ ಅಂಗಡಿಗೆ ಬೀಗ, ನನ್ನ ಕೈಗೆ ಕೋಳ. ಇದೆಲ್ಲ ಭಾವನವರಿಗೆ ಗೊತ್ತು. ಗೊತ್ತಿದ್ದೂ ಮಂಗಳವಾರ ಬಿರುಗಾಳಿಯ ಹಾಗೆ ನುಗ್ಗಿದರು. ಕಡಲೆಕಾಯಿ ಹೊಲಕ್ಕೆ ಹಂದಿ ಬಿದ್ದಿದೆ, ಒಂದು ವಾರದ ಮಟ್ಟಿಗೆ ಕೊಡು ಎಂದರು. ಲೈಸೆನ್ಸು ತೋರಿಸಿ ಎಂದು ಕೂಗಿಯೇ ಹೇಳಿದೆ. ಭಾವಮೈದುನನನ್ನೇ ಕಾಗದ ಕೇಳ್ತೀಯಾ, ಮುಖಕ್ಕೆ ಬಣ್ಣ ಹಚ್ಚುವವನಿಗೆ ಮರ್ಯಾದೆ ಎಲ್ಲಿಂದ ಬರಬೇಕು ಅಂದರು. ಅದನ್ನು ನುಂಗಿಕೊಂಡೆನಮ್ಮ.

ಆದರೆ ಹೊಸಿಲು ದಾಟುತ್ತಾ ಇನ್ನೊಂದು ಮಾತಂದರು. ಸಿಟ್ಟು ನೆತ್ತಿಗೇರಿದರೆ ಅವರಿಗೆ ತೆಲುಗೇ ತಾನೆ ಬರುವುದು? "ಆವಲಪ್ಪನಿ ಬಾವಿ ದಗ್ಗರಿಕಿ ರಾನೀ, ಚೂಸ್ತಾ." ಆವಲಪ್ಪ ಬಾವಿ ಹತ್ತಿರ ಬರಲಿ, ನೋಡಿಕೊಳ್ಳುತ್ತಾರಂತೆ. ಒಡಹುಟ್ಟಿದ ತಮ್ಮನನ್ನು! ಬಾವಿ ಪಾಲಾಗದೆ, ಮೋಟಾರು ಯಾರದೆಂದು ತೀರ್ಮಾನವಾಗದೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದು ನನಗೂ ತಿಳಿದಿದೆ. ನೀನು ಕೈತುತ್ತು ಹಾಕಿ ಬೆಳೆಸಿದ ಮೈದುನ ಅವನು. ರಂಗದ ಮೇಲೆ ಕಣ್ಣು ಕೆಂಪು ಮಾಡಿ ಎಷ್ಟು ಜನರನ್ನು ಕೊಂದಿದ್ದೇನೆ. ಸುಳ್ಳು ಸಿಟ್ಟು ಹೇಗಿರುತ್ತದೆಂದು ನನಗೆ ಗೊತ್ತು. ಭಾವನದು ಅದಲ್ಲ.

ಕಾನೂನು ಅಡ್ಡ ಇಟ್ಟುಕೊಂಡು ಅವತ್ತಿಗೆ ಪಾರಾದೆ. ಮಕ್ಕಳಿಗೆ ನನ್ನ ಮುದ್ದು ಹೇಳು. ಆವಲಪ್ಪನಿಗೂ ಆಶೀರ್ವಾದ ತಿಳಿಸು, ಬಾವಿ ಕಡೆ ಒಬ್ಬನೇ ಹೋಗಬೇಡವೆನ್ನು.

ನಿನ್ನ ಅಣ್ಣ,
ವೆಂಕಟರವಣಪ್ಪ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಭಾವನ ಲೈಸೆನ್ಸು ರಿನ್ಯೂವಲ್ ಆಗಿ ಬಂದಿದೆ. ಶನಿವಾರ ಬರುತ್ತೇನೆಂದು ಹೇಳಿ ಕಳಿಸಿದ್ದಾರೆ. ಕಾಗದ ಸರಿಯಿದ್ದರೆ ಸಹಿ ಹಾಕಿಸಿ ಬಂದೂಕು ಒಪ್ಪಿಸಲೇಬೇಕು. ತಡೆಯುವ ಅಧಿಕಾರ ನನಗಿಲ್ಲ. ಆವಲಪ್ಪನ ಜೀವಕ್ಕೆ ಅಪಾಯವಿದೆ, ಲೈಸೆನ್ಸು ತಡೆಹಿಡಿಯಿರಿ ಎಂದು ಮೇಲಕ್ಕೆ ಅರ್ಜಿ ಕೊಡಬಹುದು. ಆಗ ಪೊಲೀಸರು ನಿನ್ನ ಅಂಗಳಕ್ಕೆ ಬಂದು, ಗಂಡನ ಎದುರಿಗೇ ನಿನ್ನನ್ನು ಕೇಳುತ್ತಾರೆ. ನೀನು ಅಂಥ ಭಯವೇನೂ ಇಲ್ಲವೆಂದುಬಿಟ್ಟರೆ ನನ್ನ ಅರ್ಜಿ ಕಸ. ಈ ಪತ್ರ ತಂದ ಕಂಡಕ್ಟರ್ ಕೋನಪ್ಪ ನಂಬಿಕಸ್ಥ. ಅರ್ಜಿ ಕೊಡಲೋ ಬೇಡವೋ, ಸಂಜೆ ಬಸ್ಸು ತಿರುಗುವಾಗ ನಿನ್ನ ಮಾತು ಹೇಳಿ ಕಳಿಸು. ಪಾರ್ಟು ಮರೆತು ನಾನು ರಂಗದ ಮೇಲೆ ಕಲ್ಲಾಗಿ ನಿಂತಾಗೆಲ್ಲ ಪರದೆ ಹಿಂದಿನಿಂದ ಮುಂದಿನ ಮಾತು ಎತ್ತಿಕೊಡುತ್ತಿದ್ದವಳು ನೀನು. ಈಗಲೂ ನಿಂತಿದ್ದೇನೆ ಕಣಮ್ಮ. ಎತ್ತಿಕೊಡು.