ಮೇಜಿನ ಕಾಲಿನ ಕೆಳಗಿನ ಸಮುದ್ರ

ಪ್ರೀತಿಯ ಫಕೀರಪ್ಪ ಕಾಕಾ,

ಇವತ್ತು ಮುಂಜಾನೆ ಅಂಗಡಿಯ ಕಸ ಗುಡಿಸುವಾಗ, ಗಾಜು ಕತ್ತರಿಸುವ ಮೇಜು ಅಲುಗಾಡುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಎರಡು ವರ್ಷದಿಂದ ಅಲುಗಾಡುತ್ತಿದ್ದ ಮೇಜು. ಬಗ್ಗಿ ನೋಡಿದೆ. ಎಡಗಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿ ತುರುಕಿದ ದಪ್ಪ ಕಾಗದ, ಅಂಚಿನಲ್ಲಿ ಬೂದು ಬೆರೆತ ನೀಲಿ. ಎಳೆದು ಬಿಡಿಸಿದರೆ, ಭಾಮಾ ಮ್ಯಾಡಮ್ ಅವರ ಚಿತ್ರದ ಸಮುದ್ರ.

ಎದುರಿಗೆ ನಿಂತು ಹೇಳಲು ನನಗೆ ಧೈರ್ಯ ಸಾಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ. ಅರ್ಧಕ್ಕೇ "ಎಂ.ಎ. ಓದಿದವರ ಹಣೇಬರಹನ ಇಷ್ಟು" ಎಂದು ಮಡಚಿ ಇದನ್ನೂ ಮೇಜಿನ ಕಾಲಿಗೆ ಇಡಬೇಡಿ.

ಆ ಚಿತ್ರ ಫಿನ್‌ಲ್ಯಾಂಡಿನದು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಕಾಲದಲ್ಲಿ ಮ್ಯಾಡಮ್ ಒಮ್ಮೆ ಅಲ್ಲಿಗೆ ಹೋಗಿದ್ದಾಗ ಕೊಂಡ ಪ್ರತಿ. ಮನುಷ್ಯರಿಲ್ಲದ ಚಿತ್ರ ಗೋಡೆಗೆ ಬೇಡ ಎಂದು ಗಂಡ ಹಟ ಹಿಡಿದದ್ದರಿಂದ ಮೂವತ್ತು ವರ್ಷ ಕಪಾಟಿನಲ್ಲಿ ಸುರುಳಿಯಾಗಿಯೇ ಇತ್ತಂತೆ. ಈಗ ಗಂಡ ಇಲ್ಲ, ಗೋಡೆ ಅವರದೇ. ಫ್ರೇಮು ಹಾಕಿಸಲು ತಂದ ದಿನ, ನೀವು ಚಹಾಕ್ಕೆ ಹೋಗಿದ್ದಾಗ ಅದನ್ನು ಬಿಚ್ಚಿ ನನಗೆ ತೋರಿಸಿದರು. ದೂರದಲ್ಲಿ ಸಣ್ಣದೊಂದು ನಡುಗಡ್ಡೆ, ಬೋಳು ಬಂಡೆ, ಏಳು ಪೈನ್ ಮರ. ಮುಂದೆಲ್ಲ ಬರೀ ನೀರು. ದೋಣಿ ಇಲ್ಲ, ಹಕ್ಕಿ ಇಲ್ಲ. ತಲೆಕೆಳಗಾದ ಮರಗಳ ನೆರಳು ಮಾತ್ರ. "ಚಿತ್ರಕಾರ ಇನ್ನೊಂದು ನಡುಗಡ್ಡೆಯಲ್ಲಿ ಕೂತು ಇದನ್ನು ಬರೆದಿರಬೇಕು. ಅವನಿಗೂ ಅದಕ್ಕೂ ನಡುವಿನ ದೂರವೇ ಈ ನೀರು," ಎಂದು ಈ ಊರಿನ ಮರಾಠಿಯಲ್ಲಿ ಹೇಳಿದರು. ಶಿವಾಜಿನಗರದ ಬಸ್ಸುಗಳ ಹಾರ್ನಿನ ನಡುವೆ ನಾವಿಬ್ಬರೂ ಸುಮ್ಮನೆ ನಿಂತಿದ್ದೆವು. ಯಾಕೆ ಮಾತಾಡುವುದಿಲ್ಲ ಎಂದು ನನ್ನನ್ನು ಯಾರೂ ಕೇಳದ ಹತ್ತು ನಿಮಿಷ ಅದು.

ನೀವು ಅದನ್ನು ದೇವರ ಫೋಟೋದ ರೆಡಿ ಫ್ರೇಮಿಗೆ ಕೂಡಿಸಲು ಹೋದಿರಿ. ಹಿಡಿಯಲಿಲ್ಲ. ನಾನು "ಕಾಕಾ..." ಎನ್ನುವಷ್ಟರಲ್ಲಿ ಚಾಕು ನೀರನ್ನು ದಾಟಿ ಆಚೆ ತುದಿ ಮುಟ್ಟಿತ್ತು.

"ಖಾಲಿ ನೀರು ತೊಗೊಂಡು ಏನ್ ಮಾಡ್ತಿ ಮಾಧುರಿ? ನೋಡೀಗ, ಥೇಟ್ ಲೋಣಾವಳಾ ಗುಡ್ಡ ಕಂಡಂಗ ಕಾಣ್ತದ. ಮುಂದೊಂದು ಚಿಕ್ಕಿ ಅಂಗಡಿ ಇದ್ರ ಮುಗೀತು!"

ನಕ್ಕು, ರೂಢಿಯಂತೆ ಗಾಜಿನ ಮೇಲೆ ಕುಂಕುಮದ ಬೊಟ್ಟನ್ನೂ ಇಟ್ಟಿರಿ.

ದೇವರ ಚಿತ್ರವಾದರೆ ಎಷ್ಟು ಜೋಪಾನ! ಕತ್ತರಿಸಲೇಬೇಕಾದರೆ ಮೇಲಿನ ಆಕಾಶವನ್ನು ಕತ್ತರಿಸುತ್ತೀರಿ. ಪಾದಕ್ಕೆ ಚಾಕು ತಾಗಬಾರದು, ಪಾದದ ಕೆಳಗೆ ಹೂವಿಗೆ ಎರಡು ಬೆರಳು ಜಾಗ ಬಿಡಬೇಕು ಎಂದು ಕಲಿಸಿದವರೇ ನೀವು. ಈ ಚಿತ್ರದಲ್ಲಿ ನಿಮಗೆ ಪಾದ ಕಾಣಲಿಲ್ಲ. ನಡುಗಡ್ಡೆಯ ಪಾದ ಆ ನೀರಿನಲ್ಲೇ ಇತ್ತು, ಕಾಕಾ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಿನ್ನೆ ಶಿರೂರಿನ ಮದುವೆಗೆ ಹೊರಡುವಾಗ ಒಂದು ಕಾಲು ಹೊರಗಿಟ್ಟು ನೀವು ಹೇಳಿದಿರಲ್ಲ, "ನಾಳೆ ಮ್ಯಾಡಮ್ ಬಂದ್ರ ಚಿತ್ರ ಇದ್ದದ್ದ ಇಷ್ಟು ಅಂತ ಹೇಳಿಬಿಡು. ನೀ ಮೊದಲ ಮೂಕಬಸವ್ವ, ನಿನ್ನ ಮ್ಯಾಲ ಯಾರಿಗೂ ಸಂಶಯ ಬರೂದಿಲ್ಲ" ಎಂದು? ಇಪ್ಪತ್ತನಾಲ್ಕು ವರ್ಷ ಮನೆಯವರೆಲ್ಲ ನನ್ನ ಮೌನವನ್ನು ಹಂಗಿಸಿದಿರಿ. ಅದು ಉಪಯೋಗಕ್ಕೆ ಬಿದ್ದದ್ದು ಇದೇ ಮೊದಲು, ಅದೂ ಸುಳ್ಳಿಗೆ!

ಮ್ಯಾಡಮ್ ಐದಕ್ಕೆ ಬರುತ್ತಾರೆ. ಫ್ರೇಮು ಬಿಚ್ಚಿದ್ದೇನೆ, ಕುಂಕುಮ ಒರೆಸಿದ್ದೇನೆ. ಕತ್ತರಿಸಿದ ತುಂಡನ್ನು ಗಾಜಿನ ಕೆಳಗೆ ಒತ್ತಿಟ್ಟೆ. ಮಡಿಕೆಯ ಗೆರೆಗಳು ಹೋಗಲಿಲ್ಲ, ಹೋಗುವುದೂ ಇಲ್ಲ. ಎರಡನ್ನೂ ಅವರ ಮುಂದೆ ಜೋಡಿಸಿಟ್ಟು, ಕತ್ತರಿಸಿದ್ದು ನಾವು ಎಂದು ಹೇಳುತ್ತೇನೆ. ನಾವು ಎಂದೇ ಹೇಳುತ್ತೇನೆ. ಬಾಯಿ ಬಿಡಲು ನಾನೂ ತಡ ಮಾಡಿದೆನಲ್ಲ. ಬೈದರೆ ಬೈಯಲಿ.

ಮೇಜು ಮತ್ತೆ ಅಲುಗಾಡುತ್ತಿದೆ. ಬಂದ ಮೇಲೆ ಅದರ ಕಾಲಿಗೆ ಬೇರೆ ಏನಾದರೂ ಹುಡುಕಿಕೊಳ್ಳಿ.

ಇದನ್ನು ಶಿರೂರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸುತ್ತಿದ್ದೇನೆ. ಬಿಸಿಲಲ್ಲಿ ತಿರುಗಬೇಡಿ, ಮದುವೆಯೂಟ ಮುಗಿಸಿ ಸಾವಕಾಶ ಬನ್ನಿ. ಆ ನೀರಿನಷ್ಟೇ ತಣ್ಣಗಿರಲಿ ನಿಮ್ಮ ಜೀವ.

ನಿಮ್ಮ, ಮಾತು ಬರುವ ಮಗಳು,
ಮಾಧುರಿ