ಅರ್ಧ ಕೋವಿಯ ಮುಂಗಡ

ಮಾರ್ಚ್ ೪, ಬೆಳಿಗ್ಗೆ

ಕಾಡಿನಲ್ಲಿಟ್ಟ ಮೇವಿನ ಡ್ರಮ್ಮುಗಳಿಗೆ ಗೋಧಿ ತುಂಬಿ ಬಂದೆ. ಬೇಟೆಯ ಕಾಲ ಮುಗಿದು ತಿಂಗಳಾಯಿತು. ಆದರೂ ಉಳಿದ ಹಕ್ಕಿಗಳ ಹೊಟ್ಟೆ ನಡೆಯಬೇಕಲ್ಲ. ಹೆಣ್ಣು ಫೆಸೆಂಟುಗಳು, ಕಾಡುಕೋಳಿಯಂಥವು, ಒಣಗಿದ ಜರೀಗಿಡಗಳ ಸಂದಿಯಿಂದ ನೋಡುತ್ತವೆ. ನಾನು ಹೋದ ಮೇಲೆ ಬರುತ್ತವೆ. ಈ ವಾರ ನನ್ನ ಸರದಿಯಲ್ಲ, ಅಣ್ಣನದು. ಯಾರೂ ಹೇಳಲಿಲ್ಲ, ನಾನೇ ಹೋದೆ.

ಗೆರೈಂಟನ ಕಾಗದ ಬಂದಿದೆ. ನಮ್ಮ ಬೇಟೆಗಾರರ ಕೂಟಕ್ಕೆ, ಶೂಟಿಂಗ್ ಸಿಂಡಿಕೇಟಿಗೆ, ಅವನೇ ಕ್ಯಾಪ್ಟನ್. ನವೆಂಬರಿನ ಬೇಟೆಗೆ ಮುಂಗಡ, ಮಾರ್ಚ್ ಮುಗಿಯುವುದರೊಳಗೆ. ಹಕ್ಕಿ ಸಾಕುವವನಿಗೆ ಈಗ ಹೇಳಿಟ್ಟರೆ ಜುಲೈಗೆ ಕಾಡಿಗೆ ಬಿಡಲು ಮರಿ. ಪ್ರತಿ ವರ್ಷವೂ ಹೀಗೆಯೇ. ಇನ್ನೂ ಇಡದ ಮೊಟ್ಟೆಗೆ ದುಡ್ಡು. ಇನ್ನೂ ಬೆಳಕು ಹರಿಯದ ಶನಿವಾರಕ್ಕೆ ದುಡ್ಡು...

ಲಕೋಟೆಯ ಮೇಲೆ ಇಬ್ಬರ ಹೆಸರೂ ಇದೆ. ಮೀರಿಗ್ ಮತ್ತು ಇದ್ವಾಲ್, ನಾನು ಮತ್ತು ಅಣ್ಣ. ಅಣ್ಣ ತೀರಿಹೋಗಿ ಇಂದಿಗೆ ಇಪ್ಪತ್ತಮೂರು ದಿನ.

ಮಾರ್ಚ್ ೧೩

ಗೆರೈಂಟ್ ಬಂದಿದ್ದ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತ. ಚಹಾ ಆರುವವರೆಗೂ ಹವಾಮಾನದ ಮಾತು.

"ಹೆಸರು ತೆಗೆಯೋದು ಮರೆತೆ ಮಾರಾಯ. ಹಳೇ ಪಟ್ಟಿ ನೋಡ್ಕೊಂಡು ಬರೆದುಬಿಟ್ಟೆ."

"ಇರಲಿ."

"ವಿಷಯ ಏನಂದ್ರೆ... ಬರೀ ಅರ್ಧ ಕೋವಿ ಅಂತ ನಾನು ಇಟ್ಕೊಳ್ಳೋಕಾಗಲ್ಲ. ಕೋವಿಯವರು ನಿಲ್ಲೋಕೆ ಎಂಟು ಗೂಟ, ಎಂಟು ಜಾಗ. ಜೊತೆಗೆ ಇನ್ನೊಬ್ಬನ್ನ ಹುಡುಕ್ಕೋ. ಇಲ್ಲ, ಪೂರ್ತಿ ನೀನೇ ತಗೋ."

"ಕಾಯ್ತಿರೋರು ಇದಾರಾ?"

"ಹೆವಿನ್ ಇದಾನಲ್ಲ, ಬಸ್ ಓಡಿಸೋನು. ಆರು ವರ್ಷದಿಂದ ಕಾಯ್ತಿದಾನೆ. ಅವನ ಬಸ್ಸಿಗೂ ಯಾರೂ ಅಷ್ಟು ಕಾಯಲ್ಲ."

ನಗು ಬಂತು. ಅಣ್ಣ ಹೋದ ಮೇಲೆ ಮೊದಲ ಸಲ. ಕೂಡಲೇ ನಾಚಿಕೆಯಾಯಿತು.

ಇಪ್ಪತ್ತೆರಡು ವರ್ಷ ಒಂದೇ ಜಾಗವನ್ನು, ತಲಾ ಅರ್ಧ ಕೋವಿ ಎಂದು, ಇಬ್ಬರೂ ಹಂಚಿಕೊಂಡೆವು. ವರ್ಷಕ್ಕೆ ಆರು ಬೇಟೆಯ ದಿನ. ಮೊದಲನೆಯದು ನನ್ನದು, ಎರಡನೆಯದು ಅವನದು, ಮತ್ತೆ ನನ್ನದು. ಒಬ್ಬ ಕೋವಿ ಹಿಡಿದು ಗೂಟದ ಬಳಿ ನಿಂತರೆ ಇನ್ನೊಬ್ಬ ಕೋಲು ಹಿಡಿದು ಸೋವಿನವರ ಜೊತೆ ಕಾಡಿನೊಳಗೆ, ಹಕ್ಕಿಗಳನ್ನು ಅವನ ಕಡೆಗೆ ಎಬ್ಬಿಸುತ್ತ. ಹೆವಿನ್ ಒಳ್ಳೆಯವನೇ. ಆದರೆ ಹೆವಿನ್ ಅಣ್ಣನಲ್ಲ.

ಮಾರ್ಚ್ ೩೦

ಕಟ್ಟಿದೆ. ಎರಡೂ ಅರ್ಧ. ಮುನ್ನೂರು ಪೌಂಡ್. ಚೀಟಿಯಲ್ಲಿ ಇಬ್ಬರ ಹೆಸರನ್ನೂ ಬರೆದೆ.

ಮುಂಗಡ ಕಟ್ಟಿದವನಿಗೆ ನವೆಂಬರಿನಲ್ಲಿ ಜಾಗ ಇರಲೇಬೇಕು. ನಮ್ಮ ನಿಯಮ ಅದು. ಗೆರೈಂಟ್ ಫೋನ್ ಮಾಡಲಿಲ್ಲ. ನೆಸ್ಟಾ ಅತ್ತಿಗೆಗೆ ಹೇಳಿಲ್ಲ.

ಜುಲೈ ೧೮, ಸಂಜೆ

ಮರಿಗಳು ಬಂದವು. ಏಳು ವಾರದವು. ಕಾಡಿನ ನಡುವೆ ಬಲೆ ಕಟ್ಟಿದ ಆವರಣದೊಳಗೆ ಪೆಟ್ಟಿಗೆಗಳ ಬಾಯಿ ತೆರೆದೆವು. ಸ್ವಲ್ಪ ಹೊತ್ತು ಒಂದೂ ಕದಲಲಿಲ್ಲ. ಆಮೇಲೆ ಹುಲ್ಲು ತಾನೇ ನಡೆದ ಹಾಗೆ.

ಉಳಿದವರು ಹೋದರು. ನಾನು ಕೂತೆ. ಇವಕ್ಕೆ ಮರ ಹತ್ತಿ ಮಲಗುವುದು ಯಾರೂ ಕಲಿಸಿಲ್ಲ. ಕತ್ತಲಾಗುತ್ತಿದ್ದ ಹಾಗೆ ಒಂದು, ಎಲ್ಲಕ್ಕಿಂತ ಕೆಳಗಿನ ಕೊಂಬೆಗೆ ಹಾರಿತು. ಓಲಾಡಿತು. ನಿಂತಿತು. ಅದನ್ನು ನೋಡಿ ಇನ್ನೊಂದು. ಕೊಂಬೆಗಳೆಲ್ಲ ಉಸಿರಾಡುತ್ತಿದ್ದವು. ಅಣ್ಣ ಆಚೆ ಬದಿಯಲ್ಲಿ ಬೇಲಿಗೊರಗಿ ಕೂತಿದ್ದಾನೆ, ಅವನ ಪೈಪಿನ ಹೊಗೆ ಗಾಳಿಯಿಲ್ಲದ್ದರಿಂದ ಇತ್ತ ಬರುತ್ತಿಲ್ಲ... ಹಾಗೆ ಅನ್ನಿಸಿತು. ಎದ್ದು ನೋಡಲು ಹೋಗಲಿಲ್ಲ. ಹೋಗದಿದ್ದರೆ ಇದ್ದಾನೆ.

ನವೆಂಬರ್ ೯

ಮೊದಲ ದಿನ. ನನ್ನದು. ಚೀಟಿ ಎತ್ತಿದಾಗ ಮೂರನೇ ಗೂಟ ಬಂತು. ನಾಲ್ಕು ಹಕ್ಕಿ. ಮಳೆ.

ನವೆಂಬರ್ ೨೩

ಅಣ್ಣನ ದಿನ. ಕೋವಿ ಮನೆಯಲ್ಲೇ ಬಿಟ್ಟೆ, ಕೋಲು ತೆಗೆದುಕೊಂಡೆ. ಎಲ್ಲರೂ ಚೀಟಿ ಎತ್ತಿದರು. ಕೊನೆಗೆ ಒಂದು ಉಳಿಯಿತು. ಗೆರೈಂಟ್ ಅದನ್ನು ಬಿಚ್ಚಿ ನೋಡಿ, "ಐದು" ಎಂದು ಜೇಬಿಗೆ ಹಾಕಿಕೊಂಡ.

ಕಾಡಿನೊಳಗೆ ಸೋವಿಗೆ ಬಂದಿದ್ದ ಹೆವಿನ್ ನನ್ನ ಪಕ್ಕ. "ಐದರಲ್ಲಿ ಯಾರು?" ಅಂದ.

"ಇದ್ವಾಲ್."

ಹೆವಿನ್ ಕೋಲೆತ್ತಿದ. ಮುಂದಿನ ಪೊದೆ ತಟ್ಟಿದ.

ಕಣಿವೆಯಲ್ಲಿ ಹಾಲಿನಂಥ ಮಂಜು. ಹಕ್ಕಿಗಳು ಎದ್ದವು. ಮೂವತ್ತೋ ನಲವತ್ತೋ. ಎಲ್ಲವೂ ಒಂದೇ ಕಡೆ ವಾಲಿ, ಐದರ ಮೇಲೆಯೇ ಹೋದವು. ಒಂದು ಗುಂಡಿನ ಸದ್ದೂ ಇಲ್ಲ. ನಿಧಾನವಾಗಿ, ಯಾರೋ ದಾರಿ ಬಿಟ್ಟುಕೊಟ್ಟ ಹಾಗೆ, ಆಚೆ ಗುಡ್ಡದಲ್ಲಿ ಇಳಿದವು.

ಊಟಕ್ಕೆ ಕೂತಾಗ ನಾಲ್ಕನೇ ಗೂಟದ ಮುದುಕ ಗೊಣಗಿದ. "ಸಾಲಿನಲ್ಲಿ ಬಾಗಿಲು ತೆರೆದಿಟ್ಟ ಹಾಗಾಯ್ತಲ್ಲೋ."

"ಇದ್ವಾಲ್ ಇದ್ದಾಗ ಮಾತ್ರ ಏನಿತ್ತು?" ಅಂದ ಗೆರೈಂಟ್. "ಅವನ ತಲೆ ಮೇಲೆ ಹೋದ ಹಕ್ಕಿಗೆ ಸಾವೇ ಇರಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಪಾಲು ಹಂಚಿದರು. ಜಾಗಕ್ಕೆ ಒಂದು ಜೋಡಿ ಹಕ್ಕಿ. ಗೆರೈಂಟ್ ಹಿಂದುಮುಂದು ನೋಡಿ ಅಣ್ಣನ ಜೋಡಿಯನ್ನು ನನ್ನ ಕೈಗೆ ಕೊಟ್ಟ. ದಾರಿಯಲ್ಲಿ ಅತ್ತಿಗೆಯ ಮನೆ. ಕತ್ತಲಾಗಿತ್ತು, ಬಾಗಿಲು ತಟ್ಟಲಿಲ್ಲ. ಹಿತ್ತಲ ಬಾಗಿಲ ಮೊಳೆಗೆ ನೇತು ಹಾಕಿ ಬಂದೆ, ಅಣ್ಣ ಹಾಕುತ್ತಿದ್ದ ಹಾಗೆ. ಮನಸ್ಸು ಹಗುರ.

ನವೆಂಬರ್ ೨೪

ಅತ್ತಿಗೆ ಬಂದಳು. ಕೂರಲಿಲ್ಲ. ಹಕ್ಕಿಗಳನ್ನು ಮೇಜಿನ ಮೇಲಿಟ್ಟಳು.

"ಇದನ್ನ ನೇತು ಹಾಕಿದ್ದು ನೀನೇನಾ?"

"ಅಣ್ಣನ ಪಾಲು ಅತ್ತಿಗೆ. ಮುಂಗಡ ಕಟ್ಟಿದ್ದೆ."

"ಯಾರಿಗೆ ಕಟ್ಟಿದ್ದೆ?"

ನಾನು ಹಕ್ಕಿಗಳ ಕಡೆ ನೋಡಿದೆ.

"ಬೆಳಿಗ್ಗೆ ಬಾಗಿಲು ತೆಗೀತೀನಿ, ಮೊಳೆಯಲ್ಲಿ ಹಕ್ಕಿ. ಬಂದಿದಾನೆ ಅಂದ್ಕೊಂಡೆ ಮೀರಿಗ್. ಬಗ್ಗಿ ನೋಡಿದೆ, ಕೆಸರಿನ ಬೂಟು ಎಲ್ಲಿ ಬಿಟ್ಟಿದಾನೆ ಅಂತ. ಬೈಯೋಕೆ ಬಾಯೂ ತೆಗೆದೆ." ಹಕ್ಕಿಗಳನ್ನು ನನ್ನ ಕಡೆ ತಳ್ಳಿದಳು. "ಒಂಬತ್ತು ತಿಂಗಳಾಯ್ತು ನನಗೆ ಒಬ್ಬಳಿಗೇ ಸಾಕಾಗೋಷ್ಟು ಆಲೂಗಡ್ಡೆ ಬೇಯಿಸೋದು ಕಲಿಯೋಕೆ. ಇನ್ನೊಂದ್ಸಲ ಹೀಗೆ ಮಾಡಬೇಡ."

ಹೋದಳು. ಹಕ್ಕಿಗಳು ಮೇಜಿನ ಮೇಲೆಯೇ ಇವೆ. ಗಂಡಿನ ಕತ್ತಿನ ಹಸಿರು ಕಿಟಕಿಯ ಬೆಳಕಿಗೆ ಬಣ್ಣ ಬದಲಿಸುತ್ತಿದೆ.

ಡಿಸೆಂಬರ್ ೨೧

ಅಣ್ಣನ ದಿನ. ಸೋವಿಗೆ ಹೋದೆ. ಅವನಿಗೆ ಬಂದ ಎರಡನೇ ಗೂಟ ಖಾಲಿ. ಪಾಲು ಬೇಡ ಅಂದೆ.

ಜನವರಿ ೨೫

ಕೊನೆಯ ದಿನ. ಅದೂ ಅವನದೇ. ಹಕ್ಕಿ ಸಾಕುವವನು ಈ ಸಲ ದುಡ್ಡು ಬೇಗ ಕೇಳುತ್ತಿದ್ದಾನಂತೆ. ಗೆರೈಂಟ್ ಗೇಟಿನ ಬಳಿ ನಿಲ್ಲಿಸಿದ.

"ಮುಂಗಡದ ಚೀಟಿ ಮೇಲೆ ಎಷ್ಟು ಹೆಸರು ಬರೀತೀಯ ಮೀರಿಗ್?"

"ಒಂದು ವಾರ ಕೊಡು."

"ಕೊಟ್ಟೆ. ಆದರೆ ಇನ್ನೊಂದು ವರ್ಷ ಖಾಲಿ ಗೂಟಕ್ಕೆ ಹಕ್ಕಿ ಓಡಿಸೋಕೆ ನನ್ನ ಕೈಲಾಗಲ್ಲ. ದುಡ್ಡಿನ ಮಾತಲ್ಲ ಇದು. ನನಗೂ ಅವನು ಗೆಳೆಯ. ಪ್ರತಿ ಸಲ ಆ ಕಡೆ ನೋಡ್ತೀನಿ ಕಣೋ."

ಜನವರಿ ೩೦

ಅತ್ತಿಗೆಯನ್ನು ಕೇಳಲು ಹೋದೆ. ಕೇಕು ಕೊಟ್ಟಳು. ಸಿಟ್ಟು ಇಳಿದಿದೆ.

"ನನ್ನನ್ನೇನು ಕೇಳ್ತೀಯ? ನನ್ನ ಪಾಲಿನ ಇದ್ವಾಲನನ್ನ ನಾನು ಕಳಿಸ್ಕೊಟ್ಟಾಯ್ತು. ನಿನ್ನ ಪಾಲಿನವನನ್ನ ನೀನೇ ಕಳಿಸಬೇಕು."

ಮನೆಗೆ ಬಂದು ಹೆವಿನ್‌ಗೆ ಫೋನ್ ಮಾಡಿದೆ. ಅರ್ಧ ಕೋವಿ ಬೇಕಾ ಅಂದೆ. ಭಾನುವಾರ ದುಡ್ಡು ತರ್ತೀನಿ ಅಂದ.

ಫೆಬ್ರವರಿ ೨, ಭಾನುವಾರ

ಹೆವಿನ್ ತನ್ನ ಅರ್ಧ ಮುಂಗಡ ತಂದುಕೊಟ್ಟ. ಲಕೋಟೆಯಲ್ಲಿ, ಹೊಸ ನೋಟು. ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಅವನದು. ಅವನೇ ಬರೆಯಲಿ ಎಂದು ಪೆನ್ನು ಕೊಟ್ಟೆ. ನನ್ನ ಕೈಯಿಂದ ಆಗುತ್ತಿರಲಿಲ್ಲ.

ಆಮೇಲೆ ಇಬ್ಬರೂ ಗೂಟಗಳ ಸಾಲಿನ ಉದ್ದಕ್ಕೂ ನಡೆದೆವು. ತೆಳು ಬಿಸಿಲು. ಹುಲ್ಲಿನಿಂದ ಹಬೆ ಏಳುತ್ತಿತ್ತು.

"ನಿಮ್ಮಣ್ಣ ಹೇಗೆ ಹೊಡೀತಿದ್ರು? ನಿಜ ಹೇಳಿ. ಎಲ್ಲರೂ ತಮಾಷೆ ಮಾಡೋದು ಕೇಳಿದೀನಿ."

ಪಕ್ಕದ ಗೂಟವನ್ನು ಕೈಯಿಂದ ಅಲುಗಿಸಿದೆ.

"ನೋಡಿಲ್ಲ" ಅಂದೆ.

"ಇಪ್ಪತ್ತು ವರ್ಷದ ಮೇಲೆ ಒಟ್ಟಿಗೆ ಇದ್ರಲ್ಲ?"

"ಅವನ ದಿನ ನಾನು ಕಾಡಿನೊಳಗೆ ಇರ್ತಿದ್ದೆ."

ಹೆವಿನ್ ತಲೆಯಾಡಿಸಿದ. ಸ್ವಲ್ಪ ದೂರ ನಡೆದ ಮೇಲೆ, "ಹಾಗಾದ್ರೆ ಎರಡನೇ ದಿನದಿಂದ ನಂದು. ಅವರ ದಿನಗಳು" ಅಂದ.

"ಬೇಡ. ನೀನು ಮೊದಲನೆಯದು ತಗೋ."

"ಅದು ನಿಮ್ಮದಲ್ವಾ? ವರ್ಷದ ಮೊದಲ ದಿನ ಯಾರಾದ್ರೂ ಬಿಟ್ಟುಕೊಡ್ತಾರಾ?"

"ನೀನು ತಗೋ ಅಂದೆನಲ್ಲ."

ಅವನಿಗೆ ಅರ್ಥವಾಯಿತೋ ಇಲ್ಲವೋ. ನವೆಂಬರಿನ ಎರಡನೆಯ ಬೇಟೆಯ ದಿನ ಹೆವಿನ್ ಮರಗಳ ನಡುವಿನಿಂದ ಬರುತ್ತಿರುತ್ತಾನೆ. ನಾನು ಇತ್ತ, ಬಯಲಲ್ಲಿ, ಅಣ್ಣನ ದಿನ ಗೂಟದ ಬಳಿ, ಅವನು ನಿಂತು ನೋಡುತ್ತಿದ್ದ ಆಕಾಶದ ಕೆಳಗೆ. ಅಣ್ಣ ಏನು ನೋಡುತ್ತಿದ್ದನೋ, ಅದನ್ನು ನಾನೂ ನೋಡಬೇಕು.