ಜೂನ್ ಹದಿನಾಲ್ಕರ ಕಾಫಿ

ಚಾಮರಾಜಪೇಟೆ, ಬೆಂಗಳೂರು
೧೭ ಜೂನ್ ೧೯೯೮

ಮುದ್ದಿನ ಮಗಳು ಕೃಪಾಗೆ ಅಮ್ಮನ ಮುತ್ತುಗಳು.

ನೀನು, ಗೌರೀಶ್, ಮಗು ಎಲ್ಲರೂ ದೇವರ ದಯೆಯಿಂದ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮಗು ಇಂಚರಾಳ ಫೋಟೊ ಇಟ್ಟು ನೀನು ಬರೆದ ಕಾಗದ ಈಸ್ಟರ್ ವಾರದಲ್ಲೇ ಕೈಸೇರಿತು. ಎರಡು ತಿಂಗಳು ಉತ್ತರ ಬರೆಯದೆ ಕೂತದ್ದಕ್ಕೆ ಮಂಡಿನೋವು, ಮನೆಗೆಲಸ ಎಂದು ಸಬೂಬು ಹೇಳಬಹುದು. ಹೇಳುವುದಿಲ್ಲ. "ಅಪ್ಪನ ಕೋಪ ಇಳಿದಿದ್ರೆ ಒಂದು ಸಾಲು ಬರಿ, ಮಗೂನ ಕರ್ಕೊಂಡು ಬರ್ತೀನಿ" ಎಂದು ಕೇಳಿದ್ದೆಯಲ್ಲ, ಆ ಒಂದು ಸಾಲು ಬರೆಯಲು ನನಗೆ ಕೈ ಬರಲಿಲ್ಲ. ನಿಮ್ಮ ಶ್ರೀರಾಂಪುರ ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನೀನು ಮದುವೆಯಾಗಿ ಹೋದ ಮೇಲೆ ಮೂರು ವರ್ಷದಿಂದ ನೀನೂ ಈ ಕಡೆ ಬರಲಿಲ್ಲ, ನಾವೂ ಆ ಕಡೆ ಬರಲಿಲ್ಲ.

ಮೊದಲು ಸುದ್ದಿ ಹೇಳುತ್ತೇನೆ. ನಮ್ಮ ಚರ್ಚಿನಲ್ಲಿ ಭಾನುವಾರ ಆರಾಧನೆ ಮುಗಿದ ಮೇಲೆ ಕಾಫಿ ಕೊಡುವುದು ನಿನಗೆ ಗೊತ್ತೇ ಇದೆ. ಈಗ ಸ್ತ್ರೀಯರ ಸಂಘದ ಸುಂದರಮ್ಮ ಅದಕ್ಕೊಂದು ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದ್ದಾರೆ. ಯಾವ ಭಾನುವಾರ, ಯಾರ ಮನೆಯಿಂದ, ಯಾಕಾಗಿ ಎಂದು ಬರೆಯಬೇಕು. ಹುಟ್ಟಿದ ಹಬ್ಬವೋ, ಪರೀಕ್ಷೆ ಪಾಸಾದದ್ದೋ, ತೀರಿಹೋದವರ ನೆನಪೋ, ಏನಾದರೂ ಸರಿ. ಪಾದ್ರಿ ಅಯ್ಯನವರು ಅದನ್ನು ಎಲ್ಲರೆದುರು ಓದಿ ಪ್ರಾರ್ಥನೆ ಮಾಡುತ್ತಾರೆ. ಕಾಫಿ ಕೊಡುವ ಮನೆಯವರು ಮಾತ್ರ ಎಲ್ಲರೂ ಕುಡಿದ ಮೇಲೆಯೇ ಕುಡಿಯಬೇಕು. ಇಷ್ಟು ವರ್ಷ ನಾನು ಕುಡಿದದ್ದೇ ಹೊರತು ಒಂದು ದಿನವೂ ಹೆಸರು ಕೊಟ್ಟವಳಲ್ಲ. ಈ ಸಲ ನಾನಾಗಿಯೇ ಹೋಗಿ ಜೂನ್ ಹದಿನಾಲ್ಕರ ಮುಂದೆ ನಮ್ಮ ಹೆಸರು ಬರೆದೆ. ಯಾಕಾಗಿ ಎನ್ನುವ ಕಡೆ "ಮಗಳ ಮದುವೆಯ ದಿನ" ಎಂದು ಬರೆದೆ.

ಸುಂದರಮ್ಮ ಕನ್ನಡಕ ಏರಿಸಿಕೊಂಡು ಓದಿದರು. "ಯಾವ ಮಗಳು?" ಎಂದರು.

"ನಂಗಿರೋದು ಒಬ್ಬಳೇ ಅಲ್ವೇನ್ರೀ!"

"ಅಲ್ಲ ಸುಗುಣಾ, ಅದು ಚರ್ಚಲ್ಲಿ ಆದ ಮದುವೆ ಅಲ್ವಲ್ಲ. ಸುಮ್ನೆ ಕುಟುಂಬದ ಕ್ಷೇಮಕ್ಕೆ ಅಂತ ಬರೀರಿ, ಯಾರೂ ಏನೂ ಅನ್ನಲ್ಲ" ಎಂದು ರಬ್ಬರನ್ನೇ ಮುಂದೆ ಹಿಡಿದರು. ಪೆನ್ಸಿಲಿನಲ್ಲಿ ಬರೆದಿದ್ದೆ, ನೋಡು. ಅವರ ಪೆನ್ನನ್ನೇ ಇಸಕೊಂಡು ಅದೇ ಅಕ್ಷರದ ಮೇಲೆ ತಿದ್ದಿದೆ.

ನೂರಿಪ್ಪತ್ತು ಜನರ ಕಾಫಿ ಎಂದರೆ ಹುಡುಗಾಟವಲ್ಲ. ಗಾಂಧಿ ಬಜಾರಿಗೆ ಹೋಗಿ, ದೊಡ್ಡಸ್ತಿಕೆ ಮಾಡಿ, ಚಿಕೋರಿ ಬೇಡವೇ ಬೇಡ ಎಂದು ನುಣ್ಣಗೆ ಪುಡಿ ಮಾಡಿಸಿಕೊಂಡು ಬಂದೆ. ಭಾನುವಾರ ಬೆಳಿಗ್ಗೆ ನೋಡಿದರೆ, ಅಕ್ಕಪಕ್ಕದವರಿಂದ ತಂದದ್ದೂ ಸೇರಿ ಎಂಟು ಫಿಲ್ಟರೂ ಆ ನುಣ್ಣನೆ ಪುಡಿಗೆ ಕಟ್ಟಿಕೊಂಡು ಕೂತಿವೆ, ಒಂದು ತೊಟ್ಟು ಡಿಕಾಕ್ಷನ್ ಇಳಿದಿಲ್ಲ. ನನಗೆ ಅಳುವೇ ಬಂತು. ನಿಮ್ಮಪ್ಪ ಎದ್ದು ಬಂದು, ಪೆಟ್ಟಿಗೆಯಿಂದ ತಮ್ಮ ಬಿನ್ನಿ ಮಿಲ್ಲಿನ ಹಳೇ ಬಟ್ಟೆ ತೆಗೆದು, ಪುಡಿಯನ್ನೆಲ್ಲ ಕುದಿಯುವ ನೀರಿಗೆ ಸುರಿದು ಸೋಸಿಯೇ ಬಿಟ್ಟರು. "ಇಪ್ಪತ್ತೆಂಟು ವರ್ಷ ಈ ಬಟ್ಟೆ ನೋಡಿದೀನಿ ಕಣೇ, ಇದ್ರಲ್ಲಿ ಪುಡಿ ಇಳಿಯಲ್ಲ" ಎಂದರು. ಇಳಿಯಲಿಲ್ಲ.

ಅಯ್ಯನವರು ಓದಿದರು: "ಈ ದಿನದ ಕಾಫಿ ದೇವಪುತ್ರ, ಸುಗುಣ ದಂಪತಿಗಳಿಂದ. ಅವರ ಮಗಳು ಕೃಪಾ ಮತ್ತು ಅಳಿಯ ಗೌರೀಶ್ ಅವರ ಮದುವೆಗೆ ಮೂರು ವರ್ಷ ತುಂಬಿದ ಕೃತಜ್ಞತೆಗಾಗಿ." ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ನಾನು ತಲೆ ಎತ್ತಲಿಲ್ಲ.

ಆರಾಧನೆ ಮುಗಿಯಿತು. ಸೌಟು ಹಿಡಿದು ಪಾತ್ರೆಯ ಹತ್ತಿರ ನಿಂತೆ. ಮೊದಲ ಮೂರು ಮನೆಯವರು ನನ್ನ ಕಡೆ ನೋಡದೆ ನೇರ ಗೇಟಿನ ಕಡೆ ನಡೆದರು. ಅಷ್ಟೂ ಕಾಫಿ ಹಾಗೇ ಉಳಿದರೆ ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗಲಿ ಎನ್ನಿಸಿತು. ಅಷ್ಟರಲ್ಲಿ ನಿಮ್ಮಪ್ಪ ಬಂದು ಟ್ರೇ ಎತ್ತಿಕೊಂಡರು. ಮನೆಯಲ್ಲಿ ಒಂದು ಲೋಟ ಎತ್ತಿಟ್ಟವರಲ್ಲ! ನೇರ ಹಿರಿಯರ ಬೆಂಚಿಗೆ ಹೋದರು. ಅವರ ಮಿಲ್ಲಿನ ಗೆಳೆಯ ಆನಂದಪ್ಪನವರು, "ಏನಯ್ಯಾ, ನೀನೇ ಹೊರಟ್ಬಿಟ್ಟೆ?" ಎಂದು ಕೇಳಿದರು.

"ಮಗಳ ಮದುವೇಲಿ ಬಡಿಸಲಿಲ್ಲ ಕಣಯ್ಯಾ. ಇವತ್ತಾದ್ರೂ ಬಡಿಸ್ತೀನಿ, ತಗೋ."

ಆನಂದಪ್ಪ ತಗೊಂಡರು. ಪಕ್ಕದವರೂ ತಗೊಂಡರು. ಆಮೇಲೆ ಸಾಲು ಬಾಗಿಲವರೆಗೂ ಬಂತು. ಸುಂದರಮ್ಮ ಸಕ್ಕರೆ ಜಾಸ್ತಿಯಾಯಿತೆಂದು ದೂರುತ್ತಲೇ ಎರಡು ಲೋಟ ಕುಡಿದರು. ಕೊನೆಗೆ ತಳದಲ್ಲಿ ಉಳಿದಿದ್ದ ಅರ್ಧ ಲೋಟವನ್ನು ನಾವಿಬ್ಬರೂ ಹಂಚಿಕೊಂಡೆವು. ತಣ್ಣಗಾಗಿತ್ತು.

ನಿಮ್ಮತ್ತೆ ಲಕ್ಕಮ್ಮನವರಿಗೆ ನನ್ನ ನಮಸ್ಕಾರ ಹೇಳು. ಗೌರೀಶ್‌ಗೆ ಆಶೀರ್ವಾದ. ಕರ್ತನು ನಿಮ್ಮ ಮನೆಯನ್ನೂ ಮಗುವನ್ನೂ ಕಾಯಲಿ.

ನಿನ್ನ ಅಮ್ಮ,
ಸುಗುಣ

ತಾ.ಕ.: ಕೋಪದ ವಿಷಯ ಬರೆಯದೆಯೇ ಕಾಗದ ಅಂಟಿಸಿಬಿಡೋಣ ಎಂದಿದ್ದೆ. ಮನಸ್ಸು ಒಪ್ಪಲಿಲ್ಲ. ಕೃಪಾ, ನಿಮ್ಮಪ್ಪನಿಗೆ ಕೋಪವೇ ಇರಲಿಲ್ಲ. ನಿನ್ನ ಮದುವೆಯ ದಿನ ಬಿಳಿ ಷರ್ಟಿಗೆ ತಾವೇ ಇಸ್ತ್ರಿ ಹಾಕಿ ಎಂಟು ಗಂಟೆಗೇ ರೆಡಿಯಾಗಿ ಕೂತಿದ್ದರು. "ರಿಜಿಸ್ಟರ್ ಆಫೀಸಿಗೆ ಹೋಗ್ಬರೋಣ ನಡಿಯೇ" ಎಂದು ಮೂರು ಸಲ ಕರೆದರು. "ಹೋದ್ರೆ ಭಾನುವಾರ ಕಾಫಿ ಲೋಟ ಹಿಡ್ಕೊಂಡು ಎಲ್ಲರ ಮುಖ ಹೇಗೆ ನೋಡ್ಲಿ?" ಎಂದು ತಡೆದವಳು ನಾನು. ನೀನು ಪಕ್ಕದ ಮನೆಗೆ ಫೋನ್ ಮಾಡಿದಾಗ "ಅಪ್ಪ ಬೇಡ ಅಂದ್ರು" ಎಂದು ಹೇಳಿದ್ದು ಸುಳ್ಳು. ನಾವು ಬರಲಿಲ್ಲವೆಂದು ನೀನೇ ಮುನಿಸಿಕೊಂಡಿದ್ದೀಯೆಂದು ಅವರು ಮೂರು ವರ್ಷ ನಂಬಿದ್ದರು. ನಿನ್ನ ಕಾಗದ ಓದಿ, "ನಂಗ್ಯಾವಾಗ ಕೋಪ ಬಂದಿತ್ತು?" ಎಂದು ನನ್ನನ್ನೇ ಕೇಳಿದರು. ಒಪ್ಪಿಕೊಂಡೆ. ಬೈಯಲಿಲ್ಲ. "ನೀನೇ ಅವಳಿಗೆ ಬರಿ. ನಾನು ಹೇಳಿದ್ರೆ ನಿನ್ಮೇಲೆ ಚಾಡಿ ಹೇಳ್ದಂಗಾಗತ್ತೆ" ಎಂದರು. ಅಂದಿನಿಂದ ದಿನಾ ಸಂಜೆ "ಬರೆದ್ಯಾ?" ಎಂದು ಕೇಳುತ್ತಾರೆ. ಇವತ್ತು ಬರೆದೆ ಎನ್ನುತ್ತೇನೆ. ನನ್ನ ಮುಖ ನೋಡಲು ನಿನಗೆ ಇಷ್ಟವಿಲ್ಲದಿದ್ದರೆ ಭಾನುವಾರ ಬಾ, ನಾನು ಚರ್ಚಿನಲ್ಲೇ ಕೂತಿರುತ್ತೇನೆ. ನಿಮ್ಮಪ್ಪ ಅಂದು ಚರ್ಚಿಗೆ ಬರದೆ ಮನೆಯಲ್ಲಿರುತ್ತಾರೆ. ಮಗುವನ್ನು ಅವರಿಗೆ ತೋರಿಸು.